ದಾರಿ ಬಿಟ್ಟಿದ್ದೇವೆ, ತೋಟ ಬಿಟ್ಟುಕೊಟ್ಟಿಲ್ಲ

ಸಂಪಾದಕರಿಗೆ ನಮಸ್ಕಾರ.

ಚಾರಣಕ್ಕೆ ಬಂದ ಪಿಯುಸಿ ಮಕ್ಕಳನ್ನು ಮಲೆನಾಡಿನ ತೋಟದವರೊಬ್ಬರು ಗದರಿಸಿ ವಾಪಸ್ ಕಳಿಸಿದರಂತೆ, 'ಬೆಟ್ಟ ಏನು ಇವರಪ್ಪನ ಆಸ್ತಿಯಾ' ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಕೇಳಿದ್ದರು. ಬೆಟ್ಟ ಅಲ್ಲ ಸ್ವಾಮಿ. ಆದರೆ ಬೆಟ್ಟದ ಬುಡದ ತೋಟ, ಗದ್ದೆ ನಿಜವಾಗಿಯೂ ನಮ್ಮಪ್ಪನದ್ದೇ, ಪಹಣಿಯಲ್ಲಿ ಹೆಸರಿದೆ. ಗದರಿಸಿದ್ದು ನಾನಲ್ಲ. ಯಾಕೆ ಗದರಿಸಿರಬಹುದು ಅಂತ ಮಾತ್ರ ಚೆನ್ನಾಗಿ ಗೊತ್ತು.

ನಮ್ಮದು ಮೂಡಿಗೆರೆ ತಾಲೂಕು. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಮುಂದಿನ ಶನಿವಾರ ಇನ್ನೆರಡು ಟೆಂಪೊ ಟ್ರಾವೆಲರ್ ಜಾಸ್ತಿ ಬರುತ್ತವೆ. ಸ್ವಲ್ಪ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಕೆಳಗೆ ಗದ್ದೆ, ಅಷ್ಟೇ ನಮ್ಮ ಜಮೀನು. ಬೆಟ್ಟಕ್ಕೆ ಹೋಗುವ ಕಾಲುದಾರಿ ಗದ್ದೆಯ ಅಂಚಿನ ಮೇಲೆ ಬಂದು, ಕಾಫಿ ಒಣಗಿಸುವ ಕಣದ ಪಕ್ಕ ಹಾದು, ತೋಟದೊಳಗೆ ಏರಿ ಮೇಲಿನ ಹುಲ್ಲುಗಾವಲು ಸೇರುತ್ತದೆ. ಅಲ್ಲಿಂದಾಚೆ ಅರಣ್ಯ ಇಲಾಖೆಯದ್ದು. ನಮ್ಮ ಅಜ್ಜನ ಕಾಲದಲ್ಲೂ ಈ ದಾರಿ ಇತ್ತು. ಮೇಲಿನ ಮನೆಯವರು, ಶಾಲೆಗೆ ಹೋಗುವ ಮಕ್ಕಳು, ಕೆಲಸಕ್ಕೆ ಬರುವ ಹೆಂಗಸರು, ದೀಪಾವಳಿಗೆ ಬೆಟ್ಟದ ದೇವರಿಗೆ ಹಣ್ಣುಕಾಯಿ ಮಾಡಿಸುವವರು, ಎಲ್ಲರೂ ಇದರಲ್ಲೇ ಓಡಾಡಿದ್ದಾರೆ. ಯಾರೂ ಯಾರ ಅನುಮತಿಯನ್ನೂ ಕೇಳಿದ್ದಿಲ್ಲ. ಕೇಳಬೇಕು ಅಂತ ನಮಗೂ ಅನ್ನಿಸಿರಲಿಲ್ಲ.

ಕಾನೂನಿನ ಮಾತು ಬಂದರೆ, ಗ್ರಾಮ ನಕ್ಷೆಯಲ್ಲಿ ಗುರುತಾಗಿರುವ ಕಾಲುದಾರಿ, ಬಂಡಿದಾರಿಯನ್ನು ಯಾರೂ ಬೇಲಿ ಹಾಕಿ ಮುಚ್ಚುವ ಹಾಗಿಲ್ಲ. ನಕ್ಷೆಯಲ್ಲಿ ಇಲ್ಲದಿದ್ದರೂ 20 ವರ್ಷ ಎಲ್ಲರಿಗೂ ಕಾಣುವಂತೆ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದವರು 1882ರ ಅನುಭೋಗದ ಹಕ್ಕಿನ ಕಾಯ್ದೆ (ಈಸ್‌ಮೆಂಟ್ಸ್ ಆಕ್ಟ್) ಹಿಡಿದು ದಾರಿಯ ಹಕ್ಕು ಕೇಳಬಹುದು. ಸರಿ. ಆದರೆ ಆ ಹಕ್ಕು ನಡೆಯುವುದಕ್ಕೆ. ದಾರಿಯ ಎಡಬಲದ ಗಿಡ ಹತ್ತುವುದಕ್ಕಲ್ಲ, ಕಿತ್ತಳೆ ಕೀಳುವುದಕ್ಕಲ್ಲ, ಕಣದಲ್ಲಿ ಹರಡಿದ ಕಾಫಿಯ ಮೇಲೆ ಅಂಗಾತ ಮಲಗಿ ರೀಲ್ಸ್ ಮಾಡುವುದಕ್ಕಂತೂ ಅಲ್ಲವೇ ಅಲ್ಲ. ಹೌದು, ಮಲಗಿದ್ದಾರೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆದು, ದಿನಕ್ಕೆ ಹತ್ತು ಸಲ ಕೈಯಾಡಿಸಿ ಒಣಗಿಸುತ್ತಿದ್ದ ಪಾರ್ಚ್‌ಮೆಂಟ್ ಕಾಫಿ ಬೀಜ ಅದು. ಕೆಸರು ಮೆತ್ತಿದ ಶೂ ಹಾಕಿಕೊಂಡು ಅದರ ಮೇಲೆ ಬಿದ್ದವನನ್ನು ಏಳಪ್ಪಾ ಅಂದರೆ, "ಬ್ರೋ ಒಂದೇ ಟೇಕ್" ಅನ್ನುತ್ತಾನೆ. ನನಗೆ ಐವತ್ತು ದಾಟಿದೆ. ಬ್ರೋ ಅಂತೆ!

ಇದೆಲ್ಲ ಸಣ್ಣದು ಬಿಡಿ. ನಿಜವಾದ ತೊಂದರೆ ನೀರಿನದು, ಅದು ಊರಿನವರಿಗೆ ಬಿಟ್ಟರೆ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಬೋರ್‌ವೆಲ್ ಇಲ್ಲ, ಪಂಚಾಯಿತಿಯ ನಲ್ಲಿ ನೀರೂ ಇಲ್ಲ. ಗುಡ್ಡದ ಒರತೆಗೆ ಸಣ್ಣದಾಗಿ ಕಟ್ಟೆ ಕಟ್ಟಿ ಕಪ್ಪು ಪೈಪ್ ಹಾಕಿದ್ದೇವೆ, ನೀರು ತನ್ನಷ್ಟಕ್ಕೆ ಇಳಿದು ಮನೆಗೆ ಬರುತ್ತದೆ. ಕುಡಿಯುವುದಕ್ಕೂ ಅದೇ, ದನಕ್ಕೂ ಅದೇ. ಆ ಪೈಪ್ ದಾರಿಯ ಪಕ್ಕದಲ್ಲೇ ಬರುತ್ತದೆ. ಬಿಸಿಲಲ್ಲಿ ಇಳಿದು ಬಂದ ಹುಡುಗರು ಅದರ ಜಾಯಿಂಟ್ ಎಳೆದು ತಲೆಗೆ ನೀರು ಹುಯ್ದುಕೊಳ್ಳುತ್ತಾರೆ. ಹುಯ್ದುಕೊಳ್ಳಲಿ, ಬೇಡ ಅಂದವರು ಯಾರು? ಆದರೆ ಮತ್ತೆ ಸೇರಿಸುವುದಿಲ್ಲ. ಸಂಜೆ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಕತ್ತಲಲ್ಲಿ ಟಾರ್ಚ್ ಹಿಡಿದು ಪೈಪ್ ಗುಂಟ ಹುಡುಕಿಕೊಂಡು ಹೋಗಬೇಕು. ಅದೂ ಆನೆ ಓಡಾಡುವ ಜಾಗದಲ್ಲಿ. ಇನ್ನು ಕೆಲವರು ಮೇಲೆ ಒರತೆಯ ಕಟ್ಟೆಯೊಳಕ್ಕೇ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಪಕ್ಕದಲ್ಲಿ ಶಾಂಪೂ ಪೊಟ್ಟಣ. ನಮ್ಮ ಅಮ್ಮ ಒಮ್ಮೆ, "ಅದು ನಾವು ಕುಡಿಯೋ ನೀರು ಕಣ್ರಪ್ಪಾ" ಎಂದಾಗ ಒಬ್ಬ ತಕ್ಷಣ ಎದ್ದು ಸಾರಿ ಕೇಳಿದ, ಇನ್ನೊಬ್ಬ ಅಮ್ಮನನ್ನೇ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದ. ಇಬ್ಬರೂ ಒಂದೇ ಗುಂಪಿನವರು.

ಉಣುಗೋಲಿನ ವಿಷಯವೂ ಇದೇ. ಎರಡು ಕಂಬದ ತೂತಿಗೆ ಅಡ್ಡಡ್ಡ ಬಿದಿರು ಗಳ ಸಿಕ್ಕಿಸಿರುತ್ತೇವೆ. ದಾಟುವಾಗ ಸರಿಸಬೇಕು, ದಾಟಿದ ಮೇಲೆ ಮತ್ತೆ ಎಳೆಯಬೇಕು. ಊರಿನ ಐದು ವರ್ಷದ ಮಗುವಿಗೂ ಇದು ಗೊತ್ತು, ಪೇಟೆಯ ಹದಿನೇಳು ವರ್ಷದವನಿಗೆ ಯಾರೂ ಹೇಳಿಕೊಟ್ಟಿಲ್ಲ. ತೆರೆದಿಟ್ಟು ಹೋದರೆ ಬೀಡಾಡಿ ದನ ಗದ್ದೆಗೆ ನುಗ್ಗುತ್ತದೆ, ಅದೂ ಭತ್ತ ಬಲಿತು ಕೊಯ್ಲಿಗೆ ಬಂದಿರುವ ಈ ಹೊತ್ತಿನಲ್ಲಿ. ಒಡೆದ ಬಿಯರ್ ಬಾಟಲಿಯ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ನಾಟಿಗೆ ಇಳಿಯುವ ಹೆಂಗಸರು ಬರಿಗಾಲಲ್ಲಿ ಇಳಿಯುತ್ತಾರೆ ಅನ್ನುವುದೊಂದನ್ನು ಮಾತ್ರ ನೆನಪಿಸುತ್ತೇನೆ.

ಹೂವಿನ ಕಾಲದಲ್ಲಿ ಇನ್ನೊಂದು ಕಾಟ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನೀರು ಕೊಟ್ಟು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ನೋಡುವುದಕ್ಕೆ ಚಂದವೇ, ಒಪ್ಪಿದೆ. ಆದರೆ ಹೂವು ಅರಳಿರುವ ಎರಡು ಮೂರು ದಿನ ನಾವೇ ತೋಟಕ್ಕೆ ಇಳಿಯುವುದಿಲ್ಲ, ಆಳುಗಳನ್ನೂ ಇಳಿಸುವುದಿಲ್ಲ. ಆ ಹೂವಿನಿಂದಲೇ ಮುಂದಿನ ವರ್ಷದ ಹಣ್ಣು. ಅಂಥ ರೆಂಬೆಯನ್ನು ಬಗ್ಗಿಸಿ ಮುಖದ ಪಕ್ಕ ಹಿಡಿದು ಫೋಟೊ ತೆಗೆದುಕೊಂಡು, ಪಟ್ಟನೆ ಬಿಟ್ಟು ಹೋಗುತ್ತಾರೆ. ಕಾಫಿ ರೇಟು ಚೆನ್ನಾಗಿದೆ, ಒಂದು ರೆಂಬೆ ಹೋದರೆ ಏನಂತೆ ಅಂತ ಚಾರಣದ ಗುಂಪು ಕರೆತಂದ ಒಬ್ಬ ಲೀಡರ್ ನನಗೇ ಹೇಳಿದ್ದಾನೆ.

ಲೀಡರ್ ಅಂದೆನಲ್ಲ, ನನ್ನ ಸಿಟ್ಟೆಲ್ಲ ಇರುವುದು ಅಲ್ಲೇ. ಮಕ್ಕಳ ಮೇಲೆ ಅಷ್ಟಿಲ್ಲ. ಆ ವಯಸ್ಸಿನಲ್ಲಿ ಗುಂಪು ಕಟ್ಟಿದರೆ ಯಾರಿಗೆ ತಾನೇ ಬಾಲ ಇರುವುದಿಲ್ಲ? ಒಬ್ಬೊಬ್ಬರನ್ನೇ ನಿಲ್ಲಿಸಿ ಎಲ್ಲಿಂದ ಬಂದ್ರಪ್ಪಾ, ಊಟ ಆಯ್ತಾ ಅಂದರೆ ಎಷ್ಟು ಚೆನ್ನಾಗಿ ಮಾತಾಡುತ್ತಾರೆ. ಕಾಲೇಜಿನಿಂದ ಟ್ರಿಪ್ ಅಂತ, ಇಲ್ಲವೇ ವಾರಾಂತ್ಯದ ಪ್ಯಾಕೇಜ್ ಅಂತ ದುಡ್ಡು ತೆಗೆದುಕೊಂಡು ನಲವತ್ತು ಐವತ್ತು ಜನರನ್ನು ರಾತ್ರಿ ಬಸ್ಸಿಗೆ ತುಂಬಿ, ಅವರ ಜೊತೆ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗನನ್ನು ಕಳಿಸಿ, ಅವನ ಕೈಗೆ ಯಾರೋ ಹಿಂದೆ ನಡೆದಾಗ ಫೋನಿನಲ್ಲಿ ಗುರುತು ಮಾಡಿಟ್ಟ ಮ್ಯಾಪ್ ಕೊಟ್ಟು, ಆ ಮ್ಯಾಪಿನ ಗೆರೆ ಯಾರದೋ ಅಂಗಳದ ಮೇಲೇ ಹೋದರೂ ಅದನ್ನೇ ಹಿಡಿದು ಹೋಗಿ ಅನ್ನುತ್ತಾರಲ್ಲ, ಅವರ ಮೇಲೆ. ದಾರಿಯಲ್ಲಿ ಶೌಚಾಲಯದ ವ್ಯವಸ್ಥೆ ಇಲ್ಲ. ಹೆಣ್ಣುಮಕ್ಕಳು ಮುಖ ಸಣ್ಣದು ಮಾಡಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದು, "ಆಂಟೀ, ವಾಶ್‌ರೂಮ್ ಇದೆಯಾ" ಅಂತ ಕೇಳುತ್ತಾರೆ. ನನ್ನ ಹೆಂಡತಿ ಇಲ್ಲ ಅನ್ನುವುದಿಲ್ಲ, ಅನ್ನಲೂಬಾರದು. ಆದರೆ ತಲೆಗೆ ಇಷ್ಟು ಅಂತ ವಸೂಲಿ ಮಾಡಿದವರು ಇದನ್ನು ಯೋಚಿಸಬೇಡವಾ?

ಸೂರ್ಯೋದಯ ತೋರಿಸುತ್ತೇವೆ ಅಂತ ಬೆಳಗಿನ ಜಾವ ನಾಲ್ಕಕ್ಕೆ ಹೊರಡಿಸುತ್ತಾರೆ. ಮೂಡಿಗೆರೆ, ಸಕಲೇಶಪುರದ ಕಡೆ ಆ ಹೊತ್ತಿಗೆ ಆನೆ ತೋಟದೊಳಗೇ ಇರುತ್ತದೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ನಮಗೆ ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ಅದನ್ನು ನೋಡಿಕೊಂಡೇ ನಾವು ಆಳುಗಳನ್ನು ಯಾವ ಕಡೆ ಕಳಿಸುವುದು ಅಂತ ತೀರ್ಮಾನ ಮಾಡುತ್ತೇವೆ. ಬೆಂಗಳೂರಿನಿಂದ ಬಂದ ಗುಂಪಿಗೆ ಆ ಸಂದೇಶ ಬರುವುದಿಲ್ಲ. ಬಂದರೂ ಸ್ಪೀಕರ್ ಹಾಕಿಕೊಂಡು ಹೋಗುವವರಿಗೆ ಬಿದಿರು ಮುರಿದ ಸದ್ದು ಎಲ್ಲಿ ಕೇಳಿಸಬೇಕು? ಆ ಸದ್ದು ಕೇಳಿಯೇ ನಾವು ಹಿಂದಕ್ಕೆ ಬರುವುದು. ಮಂಗನ ಕಾಯಿಲೆಯ ಕತೆಯೂ ಹೀಗೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು ಈಗ ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ ಕಡೆಗೂ ಬಂದಿದೆ. ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವವರೆಗೆ ಮೈಗೆ ಕಚ್ಚುವ ಉಣ್ಣೆ ಹುಳದಿಂದ ಹರಡುತ್ತದೆ, ಚಾರಣದ ಸೀಸನ್ನೂ ಅದೇ. ಚಡ್ಡಿ ಹಾಕಿಕೊಂಡು ಒಣಗಿದ ತರಗೆಲೆ ಮೇಲೆ ಕೂರುವ ಮಕ್ಕಳಿಗೆ ಇದನ್ನು ಯಾರಾದರೂ ಹೇಳಿದ್ದಾರಾ ಅಂತ ಕೇಳಿ ನೋಡಿ.

ಸರ್ಕಾರ ಏನೂ ಮಾಡಿಲ್ಲ ಅನ್ನುವುದಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆ ಜನ ಸೇರಿದ ವಿಡಿಯೊ ಎಲ್ಲರೂ ನೋಡಿದ್ದೇವೆ. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿದರು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದರು. ಒಳ್ಳೆಯದೇ ಆಯಿತು. ಆದರೆ ಆ ಲೆಕ್ಕ ಶುರುವಾಗುವುದು ಇಲಾಖೆಯ ಗೇಟಿನಿಂದ. ಗೇಟಿನವರೆಗಿನ ಗದ್ದೆ, ತೋಟ ಯಾರ ಲೆಕ್ಕದಲ್ಲೂ ಇಲ್ಲ. ಇಲಾಖೆಯ ಪಟ್ಟಿಯಲ್ಲಿ ಇಲ್ಲದ ಸಣ್ಣಪುಟ್ಟ ಗುಡ್ಡಗಳಿಗೆ ಗೇಟೂ ಇಲ್ಲ. ದೊಡ್ಡ ಬೆಟ್ಟದಲ್ಲಿ ಟಿಕೆಟ್ ಸಿಗದವರೆಲ್ಲ ಈಗ ಅಲ್ಲಿಗೇ ಬರುತ್ತಿದ್ದಾರೆ.

ನಮ್ಮ ಅಕ್ಕಪಕ್ಕದ ಕೆಲವರು ದಾರಿಗೆ ತಂತಿಬೇಲಿ ಹಾಕಿ ಬೀಗ ಜಡಿಯೋಣ ಅನ್ನುತ್ತಿದ್ದಾರೆ. ನಾನು ಒಪ್ಪಿಲ್ಲ. ಬೀಗ ಹಾಕಿದರೆ ಚಾರಣದವರಿಗೆ ಏನು ನಷ್ಟ? ಫೋನ್ ತೆಗೆದು ಇನ್ನೊಂದು ಗುಡ್ಡ ಹುಡುಕುತ್ತಾರೆ. ನಷ್ಟ ಆಗುವುದು ಮೇಲಿನ ಮನೆಯವರಿಗೆ, ಬೆಳಿಗ್ಗೆ ಏಳೂವರೆಗೆ ಚೀಲ ಹಾಕಿಕೊಂಡು ಬಸ್ಸಿಗೆ ಓಡುವ ಅವರ ಮಕ್ಕಳಿಗೆ. ಅವರು ಒಂದು ಕೋಲನ್ನೂ ಅಲ್ಲಾಡಿಸಿದವರಲ್ಲ. ಯಾರೋ ಶನಿವಾರ ಬಂದು ಮಾಡಿ ಹೋದ ಕಿತಾಪತಿಗೆ ಅವರು ಸೋಮವಾರದಿಂದ ಶುಕ್ರವಾರದವರೆಗೆ ಸುತ್ತು ಹಾಕಿಕೊಂಡು ಹೋಗಬೇಕಾ? ಈಗಾಗಲೇ ಒಂದೆರಡು ಕಡೆ ಬೀಗ ಬಿದ್ದಿದೆ, ಊರಿನವರ ನಡುವೆ ಮಾತು ನಿಂತಿದೆ.

ಹಾಗಾಗಿ ಚಾರಣ ಬೇಡ ಅಂತ ನಾನು ಹೇಳುತ್ತಿಲ್ಲ. ಒಮ್ಮೆ ಒಂದು ಸರ್ಕಾರಿ ಪ್ರೌಢಶಾಲೆಯ ಮಕ್ಕಳನ್ನು ಅವರ ಮೇಷ್ಟ್ರು ಕರೆದುಕೊಂಡು ಬಂದಿದ್ದರು. ಹಿಂದಿನ ದಿನವೇ ಫೋನ್ ಮಾಡಿ, ಬರಬಹುದಾ, ಆನೆ ಇದೆಯಾ ಅಂತ ಕೇಳಿದ್ದರು. ಸಾಲಿನ ಕೊನೆಯಲ್ಲಿ ಅವರೇ ನಡೆದು ಉಣುಗೋಲು ಎಳೆದುಕೊಂಡು ಹೋದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಮಜ್ಜಿಗೆ ಕೊಟ್ಟೆವು, ಮಕ್ಕಳು ಪಲ್ಪರ್ ತಿರುಗುವುದನ್ನು ಕಣ್ಣು ಬಿಟ್ಟುಕೊಂಡು ನೋಡಿದವು. ಅದಕ್ಕೇನೂ ಖರ್ಚಾಗಲಿಲ್ಲ, ಒಂದು ಫೋನ್ ಅಷ್ಟೇ.

ಅದನ್ನೇ ಎಲ್ಲರೂ ಮಾಡಲಿ ಅಂತ ನಾನು ಕೇಳುವುದು. ಗುಂಪು ಕರೆತರುವ ಕಾಲೇಜಿನವರು, ಪ್ಯಾಕೇಜಿನವರು ಹಿಂದಿನ ದಿನ ಗ್ರಾಮ ಪಂಚಾಯಿತಿಗೆ ಫೋನ್ ಮಾಡಿ, ಜವಾಬ್ದಾರಿ ಹೊತ್ತ ಒಬ್ಬ ದೊಡ್ಡವರ ಹೆಸರು, ನಂಬರ್ ಕೊಡಲಿ. ಪೈಪ್ ಕಿತ್ತುಹೋದರೆ ಕರೆ ಮಾಡಲು ನಮಗೊಂದು ನಂಬರ್ ಇರಬೇಕಲ್ಲ. ಹದಿನೈದು ಇಪ್ಪತ್ತು ಮಕ್ಕಳಿಗೆ ಒಬ್ಬರಾದರೂ ಇರಲಿ, ಅವರಲ್ಲೊಬ್ಬರು ಸಾಲಿನ ಹಿಂದೆ ನಡೆಯಲಿ. ಬೆಳಕು ಹರಿಯುವ ಮುಂಚೆ ತೋಟದೊಳಗೆ ಕಾಲಿಡುವುದು ಬೇಡ. ಅರಣ್ಯ ಇಲಾಖೆ ಟಿಕೆಟ್ ಕೊಡುವಾಗಲೇ, ಗೇಟಿಗೆ ಬರುವ ದಾರಿ ರೈತರ ಜಮೀನಿನ ಮೇಲಿದೆ ಅಂತ ದೊಡ್ಡದಾಗಿ ಕಾಣುವ ಹಾಗೆ ಹಾಕಲಿ. ನಾವೂ ಸುಮ್ನೆ ಕೂರುವುದಿಲ್ಲ, ಒರತೆಯ ಹತ್ತಿರ 'ಕುಡಿಯುವ ನೀರು' ಅಂತ ಬೋರ್ಡ್ ಹಾಕುತ್ತೇವೆ, ಕಾಲು ತೊಳೆಯುವುದಕ್ಕೆ ಕೆಳಗೆ ಬೇರೆ ನಲ್ಲಿಯನ್ನೇ ಬಿಡುತ್ತೇವೆ.

ಕೊನೆಗೆ ನಿಮಗೂ ಒಂದು ಮಾತು ಸಂಪಾದಕರೇ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ವಾರಾಂತ್ಯದ ಪುಟದಲ್ಲಿ ಮೋಡ ಮುತ್ತಿದ ಗುಡ್ಡದ ಫೋಟೊ ಹಾಕಿ, ಬೆಂಗಳೂರಿನಿಂದ ಎಷ್ಟು ಕಿಲೋಮೀಟರ್, ಎಲ್ಲಿ ಉಳಿಯಬಹುದು, ಎಲ್ಲಿ ನೀರ್ದೋಸೆ ಚೆನ್ನಾಗಿರುತ್ತದೆ ಅಂತೆಲ್ಲ ಬರೆಯುತ್ತೀರಿ. ದಾರಿ ಯಾರ ಗದ್ದೆಯ ಅಂಚಿನ ಮೇಲೆ ಹೋಗುತ್ತದೆ, ಹೊರಡುವ ಮುಂಚೆ ಯಾವ ಪಂಚಾಯಿತಿಗೆ ಫೋನ್ ಮಾಡಬೇಕು ಅಂತ ಅಲ್ಲೇ ಕೆಳಗೆ ಎರಡು ಸಾಲು ಸೇರಿಸಿ. ನಮ್ಮ ಕಡೆಯ ಕಾಫಿ ಕೊಯ್ಲು ಫೆಬ್ರವರಿವರೆಗೂ ನಡೆಯುತ್ತದೆ, ಅಷ್ಟರೊಳಗೆ ಆ ಎರಡು ಸಾಲು ಬಂದರೆ ಒಳ್ಳೆಯದು.

ಇಂತಿ,
ಒಬ್ಬ ಸಣ್ಣ ಬೆಳೆಗಾರ, ಮೂಡಿಗೆರೆ ತಾಲೂಕು