ಕೊಲೆಗಾರ ಸಿಕ್ಕಿದ, ಸುಮ್ಮನಿದ್ದವರು ಎಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿದ್ದ ಪತ್ತೇದಾರಿ ಧಾರಾವಾಹಿ ಕಳೆದ ವಾರ ಮುಗಿಯಿತು. ಬೇಕಲ ಕೋಟೆಯಲ್ಲಿ ಶೂಟಿಂಗಿಗೆ ಬಂದ ಸಿನಿಮಾ ತಂಡ, ವೀಕ್ಷಣಾ ಗೋಪುರದಿಂದ ಬಿದ್ದು ಸತ್ತ ಡೂಪ್ ಹುಡುಗಿ, ಎಲ್ಲರ ಹೊಟ್ಟೆಯಲ್ಲೂ ಒಂದೊಂದು ಗುಟ್ಟು. ನಮ್ಮ ಕಾಸರಗೋಡಿನ ಕಥೆ ಅಂತ ನಮ್ಮ ಮನೆಯಲ್ಲಿ ಪುರವಣಿಗೆ ಪೈಪೋಟಿಯೇ ನಡೆಯುತ್ತಿತ್ತು. ಆದರೆ ಕೊನೆಯ ಕಂತು ಓದಿ ಬೇಜಾರಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಆ ಬಳೆಯ ಕಂತು ಎಷ್ಟು ಚೆನ್ನಾಗಿತ್ತು! ಸಿನಿಮಾದಲ್ಲಿ ದೃಶ್ಯಗಳನ್ನು ಹಿಂದೆ ಮುಂದೆ ಮಾಡಿ ತೆಗೆಯುತ್ತಾರಲ್ಲ, ಹಾಗಾಗಿ ಯಾರು ಏನು ತೊಟ್ಟಿದ್ದರು, ಕೂದಲು ಹೇಗಿತ್ತು ಅಂತ ಪ್ರತಿ ಶಾಟ್‌ಗೂ ಫೋಟೋ ತೆಗೆದಿಡಬೇಕು, ಅದಕ್ಕೆ ಕಂಟಿನ್ಯೂಟಿ ಅನ್ನುತ್ತಾರೆ. ಬೆಳಗಿನ ಫೋಟೋದಲ್ಲಿ ಆರು ಹಸಿರು ಗಾಜಿನ ಬಳೆ, ಮಧ್ಯಾಹ್ನದ ಫೋಟೋದಲ್ಲಿ ನಾಲ್ಕೇ. ಸಹಾಯಕ ನಿರ್ದೇಶಕಿ ಅದನ್ನು ನೋಡುತ್ತಾಳೆ, ನೋಡಿ ಫೋನನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಾಳೆ, ಯಾರಿಗೂ ಹೇಳುವುದಿಲ್ಲ. ನನಗೆ ಬಳೆಗಿಂತ ಅವಳು ಹೇಳದೇ ಇದ್ದದ್ದೇ ಹೆಚ್ಚು ಭಯ ಹುಟ್ಟಿಸಿತು.

ಹಾಗೆಯೇ ಟೀ ಕೊಡುವ ಕುಂಬಳೆಯ ಹುಡುಗ. ಅವನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ ಅಂದುಕೊಂಡು ಮ್ಯಾನೇಜರ್ ಅವನೆದುರಲ್ಲೇ ಮಲಯಾಳದಲ್ಲಿ ಎಲ್ಲ ಮಾತಾಡಿಬಿಡುತ್ತಾನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ ಕೇಳಿ ಬೆಳೆದ ಹುಡುಗನಿಗೆ ಅದು ಅರ್ಥವಾಗುವುದಿಲ್ವಾ? ಇದನ್ನು ಬರೆದವರಿಗೆ ನಮ್ಮೂರು ಗೊತ್ತು.

ಇಷ್ಟೆಲ್ಲ ಕಟ್ಟಿ ಕೊನೆಗೆ ಮಾಡಿದ್ದೇನು? ಹೊರಗಿನಿಂದ ಬಂದ ಒಬ್ಬ ಹುಚ್ಚು ಅಭಿಮಾನಿಯ ತಲೆಗೆ ಎಲ್ಲವನ್ನೂ ಕಟ್ಟಿದರು. ತಂಡದವರೆಲ್ಲ ಪ್ಯಾಕಪ್ ಮಾಡಿ ಹೊರಟೇ ಹೋದರು. ಹಾಗಾದರೆ ಗೊತ್ತಿದ್ದೂ ಬಾಯಿ ಬಿಡದ ಅಷ್ಟು ಜನರ ಕಥೆ ಏನಾಯಿತು? ಲೈಟ್ ಬಾಯ್, ಮೇಕಪ್‌ನವರು, ಜೂನಿಯರ್ ಆರ್ಟಿಸ್ಟ್‌ಗಳು, ಇವರಿಗೆಲ್ಲ ದಿನದ ಲೆಕ್ಕದಲ್ಲಿ ದುಡ್ಡು. ಇವತ್ತು ಬಾಯಿ ಬಿಟ್ಟರೆ ನಾಳೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ನಿಜವಾದ ಸಸ್ಪೆನ್ಸ್ ಇರುವುದೇ ಅಲ್ಲಿ.

ಇದು ನನ್ನ ಕಲ್ಪನೆಯಲ್ಲ. ನಮ್ಮ ಕೇರಳದಲ್ಲೇ ನೋಡಿದ್ದೇವೆ. ಮಲಯಾಳ ಚಿತ್ರರಂಗದಲ್ಲಿ ಹೆಣ್ಣುಮಕ್ಕಳ ಸ್ಥಿತಿ ಹೇಗಿದೆ ಅಂತ ನೋಡಲು 2017ರಲ್ಲಿ ಸರ್ಕಾರ ನೇಮಿಸಿದ ಹೇಮಾ ಸಮಿತಿ 2019ರ ಡಿಸೆಂಬರ್‌ನಲ್ಲೇ ವರದಿ ಕೊಟ್ಟಿತ್ತು. ಅದು ಜನರ ಕೈಗೆ ಬಂದದ್ದು 2024ರ ಆಗಸ್ಟ್‌ನಲ್ಲಿ, ಅದೂ ಎಷ್ಟೋ ಭಾಗ ತೆಗೆದ ಮೇಲೆ. ಸೆಟ್‌ನಲ್ಲಿ ಶೌಚಾಲಯ ಇಲ್ಲ ಅಂತ ಹೆಣ್ಣುಮಕ್ಕಳು ನೀರು ಕುಡಿಯದೇ ಇರುತ್ತಿದ್ದರು ಅಂತ ಅದರಲ್ಲಿದೆ. ಅಷ್ಟು ಸಣ್ಣ ವಿಷಯ ಕೇಳಲೂ ಹೆದರುವ ಕಡೆ ಒಂದು ಸಾವಿನ ಬಗ್ಗೆ ಯಾರು ಮಾತಾಡುತ್ತಾರೆ ಹೇಳಿ. ಕರ್ನಾಟಕದಲ್ಲೂ ಇಂಥ ಸಮಿತಿ ಬೇಕು ಅಂತ ಅದೇ ವರ್ಷ ಕನ್ನಡ ಚಿತ್ರರಂಗದ ಹಲವರು ಮುಖ್ಯಮಂತ್ರಿಗೆ ಮನವಿ ಕೊಟ್ಟರು.

ಧಾರಾವಾಹಿ ಪುಸ್ತಕವಾಗಿ ಬರುತ್ತದೆ ಅಂತ ನೀವೇ ಹಾಕಿದ್ದೀರಿ. ದಯವಿಟ್ಟು ಈ ಪತ್ರವನ್ನು ಲೇಖಕರಿಗೆ ತಲುಪಿಸಿ. ಕೊನೆಯ ಅಧ್ಯಾಯವನ್ನು ಅವರು ಇನ್ನೊಮ್ಮೆ ಬರೆಯಲಿ. ಅಭಿಮಾನಿಯನ್ನು ಬಿಟ್ಟುಬಿಡಲಿ, ಸಹಾಯಕ ನಿರ್ದೇಶಕಿ ಆ ಫೋಟೋವನ್ನು ಪೊಲೀಸರಿಗೆ ಕೊಡಬೇಕೋ ಬೇಡವೋ ಅಂತ ಒದ್ದಾಡುವುದನ್ನು ಪೂರ್ತಿ ಬರೆಯಲಿ. ಟೀ ಕೊಡುವ ಹುಡುಗ ಮಧ್ಯದಲ್ಲೇ ಕಾಣೆಯಾಗಿದ್ದಾನೆ, ಅವನನ್ನೂ ವಾಪಸ್ ಕರೆತಂದು ಕೇಳಿದ್ದನ್ನು ಹೇಳಿಸಲಿ.

– ಓದುಗಿ, ಕಾಸರಗೋಡು