ಆ ಮನವಿಗೆ ಸಹಿ ಹಾಕಬೇಡ

ಮಾಟುಂಗ, ಮುಂಬಯಿ

ಪ್ರೀತಿಯ ಮಗಳೇ,

ಅಮ್ಮನ ಆಶೀರ್ವಾದಗಳು. ಕ್ಯಾಲಿಫೋರ್ನಿಯಾದ ನಿಮ್ಮ ಬಡಾವಣೆಯ ಪಕ್ಕ ಮನೆಯಿಲ್ಲದವರಿಗೆ ವಸತಿ ಕಟ್ಟಬಾರದೆಂದು ನೆರೆಹೊರೆಯವರು ಸಹಿ ಸಂಗ್ರಹಿಸುತ್ತಿದ್ದಾರೆ, ಹಾಕಲೋ ಬೇಡವೋ ಎಂದು ಕೇಳಿದ್ದೀಯಲ್ಲ. ಹಾಕಬೇಡ. ಫೋನಿನಲ್ಲಿ ಇಷ್ಟೇ ಹೇಳಿದರೆ ಅಮ್ಮನದು ಹಠ ಎಂದುಕೊಳ್ಳುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅವರೆಲ್ಲ ಅಮಲಿಗೆ ಬಿದ್ದು ಹಾಳಾದವರು ಎಂಬುದು ನೆರೆಯವರ ಮಾತು. ಅಂಥವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅಮಲೇ ಮೂಲವಾಗಿದ್ದರೆ ವೆಸ್ಟ್ ವರ್ಜೀನಿಯಾದ ಬೀದಿಗಳು ತುಂಬಿಹೋಗಬೇಕಿತ್ತು. ಮಾದಕ ವಸ್ತುಗಳಿಂದ ಸಾಯುವವರ ಪ್ರಮಾಣ ಅಮೆರಿಕದಲ್ಲೇ ಅತಿ ಹೆಚ್ಚೆಂದು ವರ್ಷಗಟ್ಟಲೆ ಹೆಸರಾದ ರಾಜ್ಯವದು. ಬೀದಿಗೆ ಬಿದ್ದವರ ಪ್ರಮಾಣ ಮಾತ್ರ ಅಲ್ಲಿ ನಿಮ್ಮ ಕ್ಯಾಲಿಫೋರ್ನಿಯಾಕ್ಕಿಂತ ಎಷ್ಟೋ ಕಡಿಮೆ. ಬಡ ರಾಜ್ಯವಾದರೂ ಅಲ್ಲಿ ಬಾಡಿಗೆ ಕೈಗೆಟಕುತ್ತದೆ. ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ನಿಮ್ಮ ರಾಜ್ಯ ಅದಕ್ಕಿಂತ ಹೆಚ್ಚೇ ಕೊಡುತ್ತದೆ, ಬಾಡಿಗೆ ಅದನ್ನೂ ನುಂಗುತ್ತದೆ. 2024ರ ಜನವರಿಯಲ್ಲಿ ಒಂದು ರಾತ್ರಿ ಎಣಿಸಿದಾಗ ನಿಮ್ಮ ದೇಶದಲ್ಲಿ ಮನೆಯಿಲ್ಲದವರು 7,71,480 ಮಂದಿ. ಹಿಂದಿನ ವರ್ಷಕ್ಕಿಂತ ಶೇ. 18ರಷ್ಟು ಹೆಚ್ಚು. ಒಂದು ಲಕ್ಷಕ್ಕೂ ಮಿಕ್ಕಿದ ಜನ ಒಂದೇ ವರ್ಷದಲ್ಲಿ ದಾರಿ ತಪ್ಪಿದರೇ?

ದುಡಿಯುವವರಿಗೂ ಮನೆ ಇರುವುದಿಲ್ಲ ಎನ್ನುವುದನ್ನು ನಾನು ಇಲ್ಲಿ ಮುಂಬಯಿಯ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳುವಾಗಲೇ ಕಂಡಿದ್ದೇನೆ. ಊರಿನಿಂದ ಬಂದ ಹೋಟೆಲ್ ಹುಡುಗರು. ದಿನವಿಡೀ ಲೋಟ, ಬಸಿ ತೊಳೆದು ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಕೈ ಒರೆಸಿಕೊಂಡು ಬಂದರೂ ಬರೆಯುವ ಪುಸ್ತಕದ ಅಂಚು ಒದ್ದೆಯಾಗಿ ಮುದುರುತ್ತಿತ್ತು. ವಿಳಾಸ ಕೇಳಿದರೆ ಹೋಟೆಲಿನ ಹೆಸರು ಹೇಳುತ್ತಿದ್ದರು. ಗಿರಾಕಿಗಳು ಹೋದ ಮೇಲೆ ಮೇಜು ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದರು. ನಿನ್ನ ಅಪ್ಪ ಮೆಟ್ರಿಕ್ ಪಾಸಾದದ್ದೂ ಹಾಗೆ ಮಲಗಿಯೇ. ಧಣಿಗಳು ಆ ಜಾಗ ಕೊಡದಿದ್ದರೆ ಅವರೂ ಫುಟ್‌ಪಾತಿನವರೇ. ಅಂಗಡಿಯ ಪಾಳಿ ಮುಗಿಸಿ ಕಾರಿನಲ್ಲಿ ಮಲಗುವ ಹೆಂಗಸಿನ ಬಗ್ಗೆ ನೀನೇ ಹೇಳಿದ್ದೆ. ಅವಳ ಅಂಗಡಿಯ ಧಣಿಗಳು ಅವಳಿಗೆ ಅಷ್ಟು ಜಾಗವನ್ನೂ ಕೊಟ್ಟಿಲ್ಲ.

ಕಾನೂನಿನ ಮಾತನ್ನೂ ಕೇಳು. 1981ರ ಮಳೆಗಾಲದಲ್ಲಿ ಇಲ್ಲಿನ ಸರ್ಕಾರ ಫುಟ್‌ಪಾತಿನ ಗುಡಿಸಲುಗಳನ್ನು ಕಿತ್ತು ಜನರನ್ನು ಊರಿಗೆ ಅಟ್ಟಲು ಹೊರಟಿತ್ತು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಕೋರ್ಟಿಗೆ ಹೋದರು, ಫುಟ್‌ಪಾತಿನ ನಿವಾಸಿಗಳೂ ಹೋದರು. ಹೊಟ್ಟೆಪಾಡಿನ ದಾರಿ ಕಿತ್ತುಕೊಂಡರೆ ಬದುಕುವ ಹಕ್ಕನ್ನೇ ಕಿತ್ತುಕೊಂಡಂತೆ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ತೆರವು ಮಾಡಲೇಬೇಡಿ ಎನ್ನಲಿಲ್ಲ. ಮಳೆಗಾಲ ಕಳೆಯುವವರೆಗೆ ತಡೆಯಿರಿ ಎಂದಿತು. ಅಷ್ಟಾದರೂ ಕರುಣೆಯಿತ್ತು. ನಿಮ್ಮ ದೇಶದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ, ಒರೆಗಾನಿನ ಗ್ರಾಂಟ್ಸ್ ಪಾಸ್ ಎಂಬ ಊರಿನ ಮೊಕದ್ದಮೆಯಲ್ಲಿ, ಮಲಗಲು ಬೇರೆ ಜಾಗವಿಲ್ಲದವರಿಗೂ ಹೊರಗೆ ಮಲಗಿದ್ದಕ್ಕೆ ದಂಡ ಹಾಕಬಹುದು ಎಂದಿತು. ಓದಿದಾಗ ನನಗೆ ಮೈಯೆಲ್ಲ ಉರಿಯಿತು. ಬಾಡಿಗೆ ಕಟ್ಟಲಾಗದವರು ದಂಡ ಎಲ್ಲಿಂದ ಕಟ್ಟಬೇಕು?

ಮುಂಬಯಿ ಮೇಲೆಂದು ನಾನು ಹೇಳುತ್ತಿಲ್ಲ. ನಗರಗಳಲ್ಲಿ ಲಕ್ಷ ಜನಕ್ಕೊಂದು ರಾತ್ರಿ ವಸತಿ ಬೇಕೆಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿ ವರ್ಷಗಳೇ ಕಳೆದವು, ನಮ್ಮ ಫ್ಲೈಓವರಿನ ಕೆಳಗೆ ಇಂದಿಗೂ ಕಲಬುರಗಿ ಕಡೆಯ ಕಟ್ಟಡ ಕೂಲಿಯವರು ಒಲೆ ಹೂಡಿಕೊಂಡಿದ್ದಾರೆ. ನಮ್ಮ ಕಟ್ಟಡದ ಸೊಸೈಟಿಯವರು ಅವರ ಮೇಲೆ ದೂರು ಬರೆದಾಗ ಅಪ್ಪ ಸಹಿ ಹಾಕಲಿಲ್ಲ.

ನಗರಸಭೆಯ ಸಭೆಯಲ್ಲಿ ಸಾರ್ವಜನಿಕರಿಗೂ ಮಾತನಾಡಲು ಬಿಡುತ್ತಾರೆಂದೆಯಲ್ಲ, ಹೋಗಿ ಮಾತನಾಡು. ವಸತಿ ಬೇಕೆಂದು ಹೇಳು. ಮಕ್ಕಳಿರುವವರಿಗೆ ಬೇರೆ ಕೋಣೆ ಇದೆಯೇ, ರಾತ್ರಿ ಪಾಳಿಯವರು ತಡವಾಗಿ ಬಂದರೆ ಬಾಗಿಲು ತೆರೆಯುತ್ತಾರೆಯೇ, ಎಷ್ಟು ತಿಂಗಳು ಇರಗೊಡುತ್ತಾರೆ ಎಂದೂ ಕೇಳು. ಎದುರು ಮನೆಯವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಅವರು ಏನೆಂದರು ಎಂದು ಭಾನುವಾರ ಫೋನ್ ಮಾಡಿದಾಗ ತಿಳಿಸು, ಅಪ್ಪನೂ ಕೇಳಬೇಕೆಂದಿದ್ದಾರೆ.

ನಿನ್ನ
ಅಮ್ಮ