ಕೈ ಮುರಿದ ವಸಂತದಲ್ಲಿ ಬಂದ ನಿಮಗೆಲ್ಲ

ಮೊನ್ನೆ ಬಲಗೈಯ ಪ್ಲಾಸ್ಟರ್ ತೆಗೆದರು. ಬೆರಳು ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ, ಆದರೆ ನಿಧಾನಕ್ಕೆ ಟೈಪ್ ಮಾಡಬಹುದು. ಹಾಗಾಗಿ ಬೇರೆ ಎಲ್ಲಕ್ಕಿಂತ ಮೊದಲು ಇದನ್ನು ಬರೆಯುತ್ತಿದ್ದೇನೆ. ಆರು ಭಾನುವಾರ ನಮ್ಮ ಜಮೀನಿಗೆ ಬಂದು ದುಡಿದಿರಲ್ಲ, ನಿಮಗಾಗಿ.

ನಾನು ಏಣಿಯಿಂದ ಬಿದ್ದದ್ದು ಚಳಿ ಮುಗಿಯುವ ಹೊತ್ತಿಗೆ. ಸಣ್ಣ ಹಿಡುವಳಿ ಇಟ್ಟುಕೊಂಡವರಿಗೆ ಗೊತ್ತು, ಆ ಹೊತ್ತು ಯಾರಿಗೂ ಕಾಯುವುದಿಲ್ಲ. ಮೊಗ್ಗು ಉಬ್ಬುವ ಮೊದಲು ಹಣ್ಣಿನ ಸಸಿ ನೆಲ ಸೇರಬೇಕು. ಮಡಿ ಸಿದ್ಧವಾಗಬೇಕು. ಬೇಲಿ ಬಿದ್ದಿತ್ತು, ಗೊಬ್ಬರದ ರಾಶಿ ಕೊಳೆತು ನಾರುತ್ತಿತ್ತು, ಬೇರಿಗೆ ಮಣ್ಣಿನ ಗಡ್ಡೆಯಿಲ್ಲದೆ ಬಂದ ಹದಿನಾಲ್ಕು ಸಸಿಗಳು, ಬೇರು ಒಣಗದ ಹಾಗೆ ಸದ್ಯಕ್ಕೆ ಮಣ್ಣು ಮುಚ್ಚಿಟ್ಟವು, ನೆರಳಲ್ಲಿ ಕಾಯುತ್ತಿದ್ದವು. ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ. ಭಾರ ಎತ್ತಲೇಬಾರದು ಅಂತ ಡಾಕ್ಟರ್ ಹೇಳಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬೆಳಗ್ಗೆ ಎಡಗೈಯಲ್ಲಿ ಒಂದು ಮೆಸೇಜ್ ಹಾಕಿದೆ: ಒಂದು ದಿನದ ಮಟ್ಟಿಗೆ ಇಬ್ಬರು ಬಂದರೆ ಸಸಿ ನೆಡಬಹುದು. ಬಂದವರು ಹನ್ನೊಂದು ಜನ.

ನಿಮ್ಮ ಶ್ರಮಕ್ಕೆ ಥ್ಯಾಂಕ್ಸ್ ಹೇಳುವುದು ಸುಲಭ. ನಾನು ಹೇಳಬೇಕಾದದ್ದು ಇನ್ನೊಂದಿದೆ. ಮೊದಲ ದಿನ ನೀವು ಗುದ್ದಲಿ ಮುಟ್ಟುವ ಮೊದಲು ಒಂದು ಗಂಟೆ ನನ್ನ ಜೊತೆ ಜಮೀನು ಸುತ್ತಿದಿರಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಗೆ ಬಿಸಿಲು ತಡವಾಗಿ ಬರುತ್ತದೆ, ಯಾವುದು ಈ ವಾರ ಆಗಲೇಬೇಕು, ಯಾವುದು ಕಾಯಬಹುದು ಅಂತ ಕೇಳಿದಿರಿ. ಒಬ್ಬರು ಎಲ್ಲವನ್ನೂ ರಟ್ಟಿನ ಮೇಲೆ ಬರೆದುಕೊಂಡರು. ಕೈ ಮುರಿದ ಮೇಲೆ ಮೊದಲ ಸಲ ಈ ಜಮೀನಿಗೆ ನಾನಿನ್ನೂ ಬೇಕಾಗಿದ್ದೇನೆ ಅನ್ನಿಸಿತು. ಕೆಲಸವನ್ನು ನನ್ನ ಕೈಯಿಂದ ಕಿತ್ತುಕೊಂಡು ಮಾಡಿಕೊಡಲಿಲ್ಲ ನೀವು. ನನ್ನ ಕೈಯಾಗಿ ಮಾಡಿದಿರಿ.

ಎರಡನೇ ಭಾನುವಾರ ನೆನಪಿದೆ ಅಲ್ವಾ? ಹಿಂದಿನ ರಾತ್ರಿ ಮಳೆ ಸುರಿದಿತ್ತು. ನೀವು ಅಷ್ಟು ದೂರದಿಂದ, ಮಡಿ ಅಗೆಯುವುದಕ್ಕೆ ಅಂತಲೇ ಬಂದಿದ್ದಿರಿ. ನಾನು ಒಂದು ಹಿಡಿ ಮಣ್ಣು ತೆಗೆದು ಎಡಗೈಯಲ್ಲಿ ಹಿಸುಕಿದೆ, ಉಂಡೆಯಾಯಿತು, ಬೆರಳಿನಿಂದ ಒತ್ತಿದರೂ ಪುಡಿಯಾಗಲಿಲ್ಲ, ಜೇಡಿಯ ಹಾಗೆ ಮೆತ್ತಿಕೊಂಡಿತು. ಅಂಥ ಮಣ್ಣನ್ನು ಅಗೆದರೆ, ಸುಮ್ನೆ ಅದರ ಮೇಲೆ ಓಡಾಡಿದರೂ ಸಾಕು, ಒಳಗಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ, ಒಣಗಿದ ಮೇಲೆ ಹೆಂಟೆ ಕಟ್ಟುತ್ತದೆ, ಬೇರಿಗೆ ದಾರಿ ಸಿಗುವುದಿಲ್ಲ. ಇವತ್ತು ಅಗೆಯುವುದು ಬೇಡ ಅಂತ ಹೇಳುವಾಗ ನನಗೆ ಬಹಳ ಸಂಕೋಚವಾಯಿತು. ಯಾರೂ ಮುಖ ಸಣ್ಣದು ಮಾಡಲಿಲ್ಲ. ಸರಿ, ಇನ್ನೇನಿದೆ ಅಂದಿರಿ ಅಷ್ಟೇ. ಕೊಟ್ಟಿಗೆಯಲ್ಲಿ ಕೂತು ಗುದ್ದಲಿ, ಸಲಿಕೆ, ಕತ್ತಿ ಎಲ್ಲಕ್ಕೂ ಅರ ಹಾಕಿ ಅಂಚು ಹರಿತ ಮಾಡಿದಿರಿ, ತುಕ್ಕು ಉಜ್ಜಿದಿರಿ, ಮರದ ಹಿಡಿಗಳಿಗೆ ಅಗಸೆ ಎಣ್ಣೆ ಹಚ್ಚಿದಿರಿ. ಬಡಗಿ ಕೆಲಸ ಗೊತ್ತಿದ್ದ ಅಣ್ಣ ಅವತ್ತು ಒಂದು ಮಾತು ಹೇಳಿದರು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ಒಣಗುವಾಗ ಬಿಸಿಯಾಗಿ ತಾನಾಗೇ ಹೊತ್ತಿಕೊಳ್ಳಬಹುದು, ಬಿಡಿಸಿ ಹೊರಗೆ ಹರಡಬೇಕು. ಇಷ್ಟು ವರ್ಷ ನಾನು ಅದನ್ನು ಒಣಹುಲ್ಲಿನ ಪಕ್ಕದಲ್ಲೇ ಇಡುತ್ತಿದ್ದೆ. ಅಣ್ಣ, ಆ ಒಂದು ಮಾತಿಗೆ ನಾನು ಎಷ್ಟು ಋಣಿ ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ.

ಇನ್ನು ಸಸಿಗಳ ವಿಷಯ. ಮೊದಲ ದಿನವೇ ಹದಿನಾಲ್ಕನ್ನೂ ನೆಟ್ಟಿದ್ದೆವು, ಎಲ್ಲರಿಗೂ ಸಮಾಧಾನವಾಗಿತ್ತು. ಮೂರನೇ ಭಾನುವಾರ ಕಾಲೇಜು ಹುಡುಗಿಯೊಬ್ಬಳು ಸಾಲಿನ ಉದ್ದಕ್ಕೂ ನಡೆದು ಬಂದು, ಕಸಿ ಕಟ್ಟಿದ ಗಂಟು ಯಾಕೆ ಕಾಣ್ತಿಲ್ಲ ಅಂತ ಕೇಳಿದಳು. ನೋಡಿದರೆ ಐದು ಸಸಿ ಆಳಕ್ಕೆ ಹೋಗಿದ್ದವು. ಮೆತ್ತಗಿನ ಮಣ್ಣು ಕುಸಿದು ಸಸಿಯೂ ಇಳಿದಿತ್ತು. ಗಂಟು ಮಣ್ಣಿನ ಕೆಳಗಿದ್ದರೆ ಮೇಲಿನ ಕೊಂಬೆ ತನ್ನದೇ ಬೇರು ಬಿಡಬಹುದು, ಆಮೇಲೆ ಕಸಿಗೆ ಬೇರು ಕೊಡಲಿ ಅಂತ ಕೆಳಗಿನ ಗಿಡವನ್ನು ಆರಿಸಿದ ಉದ್ದೇಶವೇ ಹಾಳು. ಕಾಂಡ ಹೂತರೆ ತೊಗಟೆ ಕೊಳೆಯುವ ಭಯ ಬೇರೆ. ನಾಳೆ ನೋಡೋಣ ಅಂದೆ ನಾನು. ಆ ಮಗು ಕೇಳಲಿಲ್ಲ. ಐದನ್ನೂ ಬೇರು ಕಡಿಯದ ಹಾಗೆ ಕೈಯಲ್ಲೇ ಮಣ್ಣು ಬಿಡಿಸಿ ಎತ್ತಿ, ಕೆಳಗಿನ ಮಣ್ಣನ್ನು ತುಳಿದು ಗಟ್ಟಿ ಮಾಡಿ, ಕೋಲನ್ನು ಗುಂಡಿಗೆ ಅಡ್ಡ ಇಟ್ಟು ಮಟ್ಟ ನೋಡಿ ಮತ್ತೆ ನೆಟ್ಟಳು. ತರಗೆಲೆಯ ಹೊದಿಕೆಯನ್ನು ಕಾಂಡದಿಂದ ಒಂದು ಗೇಣು ದೂರ ಸರಿಸಿದಳು. ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಇವತ್ತು ಬೆಳಗ್ಗೆ ಎಣಿಸಿದೆ, ಹದಿನಾಲ್ಕೂ ಚಿಗುರಿವೆ. ಅವಳು ಎತ್ತಿ ನೆಟ್ಟ ಐದು ತಡವಾಗಿ ಚಿಗುರಿದವು, ಆದರೆ ಚಿಗುರಿದವು.

ಗೊಬ್ಬರದ ರಾಶಿಗೆ ಕೈ ಹಾಕಿದ ಮೂವರಿಗೆ ವಿಶೇಷವಾಗಿ ಹೇಳಬೇಕು. ಆ ವಾಸನೆಯಲ್ಲಿ ನಿಂತು ಕೆಲಸ ಮಾಡುವುದು ಎಲ್ಲರಿಂದಲೂ ಆಗುವುದಿಲ್ಲ. ಹಸಿ ಜಾಸ್ತಿಯಾಗಿ, ನೀರು ನಿಂತು, ಒಳಗೆ ಗಾಳಿಯೇ ಇರಲಿಲ್ಲ, ಅದಕ್ಕೇ ನಾರುತ್ತಿತ್ತು. ನೀವು ಪೂರ್ತಿ ರಾಶಿ ಬಿಚ್ಚಿ, ಹಸಿಯದಕ್ಕೆ ಒಣ ಎಲೆ, ಹುಲ್ಲು, ಚೂರು ಮಾಡಿದ ರಟ್ಟು ಬೆರೆಸಿ, ಉದ್ದ, ಅಗಲ, ಎತ್ತರ ಒಂದೊಂದು ಮೀಟರಿಗಿಂತ ಕಮ್ಮಿ ಆಗದ ಹಾಗೆ ಹೊಸದಾಗಿ ಕಟ್ಟಿದಿರಿ. ಅದಕ್ಕಿಂತ ಸಣ್ಣದಾದರೆ ಒಳಗೆ ಬಿಸಿ ನಿಲ್ಲುವುದಿಲ್ಲ. ನೀರು ಎಷ್ಟಿರಬೇಕು ಅಂತ ಕೇಳಿದಾಗ ಹಿಂಡಿದ ಸ್ಪಂಜಿನಷ್ಟು ಅಂದಿದ್ದೆ, ಅದನ್ನು ನೀವು ಪ್ರತಿ ಪದರಕ್ಕೂ ಹಿಂಡಿ ನೋಡಿದಿರಿ! ನಾಲ್ಕನೇ ದಿನ ಅಮ್ಮ ಥರ್ಮಾಮೀಟರ್ ಚುಚ್ಚಿದರೆ 60 ಡಿಗ್ರಿ. ಕೆಲವು ದಿನ 55 ಡಿಗ್ರಿ ದಾಟಿ ನಿಂತರೆ ಕಳೆಯ ಬೀಜ, ರೋಗದ ಸೂಕ್ಷ್ಮಜೀವಿ ಬಹುಪಾಲು ಸಾಯುತ್ತವೆ. ಹೊರಗಿನದು ಒಳಗೆ ಬರಲಿ ಅಂತ ನೀವು ಆಮೇಲೆ ಎರಡು ಸಲ ಬಂದು ತಿರುವಿ ಹೋದಿರಿ. ಈಗ ವಾಸನೆ ಇಲ್ಲ. ಮಳೆ ಬಿದ್ದ ಕಾಡಿನ ನೆಲದ ಹಾಗಿದೆ.

ಅಮ್ಮನ ಜೊತೆ ಕೂತ ಮಕ್ಕಳಿಗೂ ಥ್ಯಾಂಕ್ಸ್. ಹಳೆಯ ಬೀಜದ ಡಬ್ಬಿಗಳನ್ನೆಲ್ಲ ತೆಗೆದು, ಪ್ರತಿಯೊಂದರಿಂದ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೆಸರು ಬರೆದು ಇಟ್ಟರು. ಹತ್ತರಲ್ಲಿ ಒಂಬತ್ತು ಮೊಳೆತರೆ ಮಾಮೂಲಿನಂತೆ ಬಿತ್ತನೆ, ಐದು ಮೊಳೆತರೆ ಎರಡರಷ್ಟು, ಒಂದೂ ಇಲ್ಲದಿದ್ದರೆ ಗೊಬ್ಬರಕ್ಕೆ. ಅಮ್ಮ ಈ ಚಳಿಗಾಲದಲ್ಲಿ ಮಾತು ಕಮ್ಮಿ ಮಾಡಿದ್ದರು. ನಾನು ಬಿದ್ದದ್ದನ್ನು ನೋಡಿದವರು ಅವರೇ. ಆ ಮೂರು ವಾರ ಮಕ್ಕಳು ಬಂದ ಕೂಡಲೇ ಬಟ್ಟೆ ಬಿಚ್ಚಿ ಎಷ್ಟು ಮೊಳೆತಿವೆ ಅಂತ ಕೂಗಿ ಹೇಳುವಾಗ, ಅಮ್ಮನ ಧ್ವನಿ ಅಡುಗೆಮನೆಯವರೆಗೂ ಕೇಳುತ್ತಿತ್ತು.

ನಾನು ಬಿದ್ದ ಆ ಸೂರಿನ ಕೆಲಸವನ್ನೂ ನೀವೇ ಮುಗಿಸಿದಿರಿ. ಈ ಸಲ ಏಣಿಯ ಕಾಲು ಹಿಡಿಯಲು ಒಬ್ಬರು, ಏಣಿಯ ಮೇಲ್ತುದಿ ಕಟ್ಟಲು ಹಗ್ಗ. ಕೊಟ್ಟಿಗೆಯ ಮಾಡು 40 ಚದರ ಮೀಟರ್, ಅಂದರೆ 25 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚುಕಮ್ಮಿ 1000 ಲೀಟರ್. ಮಾಡಿನ ಮಳೆನೀರು ಹಿಡಿಯುವ ಟ್ಯಾಂಕು ಅಷ್ಟು ತುಂಬಿದರೆ ಒಂದು ಟನ್‌ಗಿಂತ ಜಾಸ್ತಿ ತೂಗುತ್ತದೆ ಅಂತ ಲೆಕ್ಕ ಹಾಕಿ, ಟ್ಯಾಂಕಿನ ಅಡಿಗೆ ಜಲ್ಲಿ ಹಾಸಿ, ಕುಟ್ಟಿ, ಮಟ್ಟ ನೋಡಿ, ಮತ್ತೆ ಕುಟ್ಟಿದವರಿಗೆ ನನ್ನ ನಮಸ್ಕಾರ. ಆ ಜಲ್ಲಿ ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಮಾತ್ರ ದಿನಾ ನೆನಪಾಗುತ್ತದೆ.

ಬೇಲಿಯೂ ಮುಗಿದಿದೆ, ಆರೇಳು ಮೀಟರ್ ಬಿಟ್ಟು. ಅಲ್ಲಿ ಪೊದೆಯಲ್ಲಿ ಹಕ್ಕಿ ಗೂಡು ಕಂಡ ತಕ್ಷಣ ಕತ್ತಿ ಕೆಳಗಿಟ್ಟಿರಲ್ಲ, ಆ ಜಾಗ ಹಾಗೇ ಇದೆ. ಸದ್ಯಕ್ಕೆ ಹಗ್ಗ ಕಟ್ಟಿದ್ದೇನೆ. ಮೊಟ್ಟೆ ಒಡೆದಿದೆ, ತಾಯಿಹಕ್ಕಿ ಬೆಳಗಿಂದ ಸಂಜೆತನಕ ಹುಳ ತರುತ್ತಿದೆ. ಮರಿಗಳು ಹಾರಿದ ಮೇಲೆ ಹೇಳುತ್ತೇನೆ, ಉಳಿದ ಮೂರು ಕಂಬ ಒಟ್ಟಿಗೆ ನೆಡೋಣ. ಅಷ್ಟೊತ್ತಿಗೆ ನಾನೂ ಹಾರೆ ಹಿಡಿಯುವಂತಾಗಬಹುದು.

ಒಂದು ನೀಲಿ ನೀರಿನ ಬಾಟಲಿ, ಒಂದು ಅರ, ಎಡಗೈಯ ಕೈಗವಸು ಎರಡು ಇಲ್ಲೇ ಉಳಿದಿವೆ. ತೊಳೆದು ಬಾಗಿಲ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೇನೆ. ಅವತ್ತು ಬಂದಾಗ ತಗೊಂಡು ಹೋಗಿ.